ನೆಲೆ ಮತ್ತು ಬೆಲೆ: ಜರ್ಮನ್ ಗ್ರಾಮಚಿತ್ರದ ಹರಾಜು ಹಾಗೂ ಸನ್ನತಿಯ ಸ್ಮಾರಕಶಿಲೆ

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಹಳ್ಳಿಯ ಬದುಕನ್ನು ತೈಲವರ್ಣದಲ್ಲಿ ಬರೆಯುವುದು ಒಂದು ಪರಂಪರೆಯಾಗಿಯೇ ಬೆಳೆಯಿತು. ಡ್ಯೂಸೆಲ್‌ಡಾರ್ಫ್ ಕಲಾಶಾಲೆಯ ಸುತ್ತ ಹೆಸರಾದ ಲುಡ್ವಿಗ್ ಕ್ನೌಸ್ (1829–1910), ಬೆಂಜಮಿನ್ ವೋಟಿಯೆ (1829–1898) ಮೊದಲಾದವರು ರೈತರ ಅಡುಗೆಮನೆ, ಮದುವೆ, ಜಾತ್ರೆಗಳನ್ನು ನಗರದ ಅನುಕೂಲಸ್ಥರ ಗೋಡೆಗಳಿಗಾಗಿ ಬರೆದರು. ವಿಲ್ಹೆಲ್ಮ್ ಲೈಬ್ಲ್ (1844–1900) ಬವೇರಿಯದ ಹಳ್ಳಿಗಳಲ್ಲೇ ನೆಲೆಸಿ, ಅಲ್ಲಿನ ಜನರನ್ನೇ ಎದುರು ಕೂರಿಸಿಕೊಂಡು ಕೆಲಸ ಮಾಡಿದ. ಈ ಪರಂಪರೆಯ ಸಣ್ಣ ಚಿತ್ರಗಳು ಇಂದಿಗೂ ಯುರೋಪಿನ ಹರಾಜುಗಳಿಗೆ ಬರುತ್ತಿರುತ್ತವೆ. ಆಗ ಅಚ್ಚಾಗುವ ವಿವರ ಸರಿಸುಮಾರು ಒಂದೇ ಬಗೆಯದು: ಕಲಾವಿದನ ಹೆಸರು, ಅಳತೆ, ಬಟ್ಟೆಯೋ ಹಲಗೆಯೋ, ಸಹಿ ಎಲ್ಲಿದೆ, ಹಿಂದೆ ಯಾರ ಬಳಿ ಇತ್ತು, ಈಗಿನ ಸ್ಥಿತಿ ಹೇಗಿದೆ. ಇಂಥ ಚಿತ್ರಕ್ಕೆ ಈ ವಿವರ ಬಹುಮಟ್ಟಿಗೆ ಸಾಕು, ಏಕೆಂದರೆ ಅದು ಮಾರಾಟಕ್ಕೆಂದೇ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಲೆಂದೇ ಹುಟ್ಟಿದ ವಸ್ತು. ತನ್ನ ಬಗ್ಗೆ ಹೇಳಬೇಕಾದ ಸಾಕ್ಷ್ಯದ ದೊಡ್ಡ ಪಾಲನ್ನು ಅದು ಮುಂಭಾಗದ ಸಹಿಯಲ್ಲಿ, ಬೆನ್ನಿನ ಚೀಟಿ ಮುದ್ರೆಗಳಲ್ಲಿ ತಾನೇ ಹೊತ್ತು ತಿರುಗುತ್ತದೆ. ಇದೇ ಬಗೆಯ ವಿವರಣೆಯನ್ನು ಕಲಬುರಗಿ ಜಿಲ್ಲೆಯ ಸನ್ನತಿಯ ಸಣ್ಣ ಶಿಲ್ಪಗಳಿಗೆ ಅನ್ವಯಿಸಿದರೆ ಅವುಗಳ ಅರ್ಥದಲ್ಲಿ ಉಳಿಯುವುದು ಅತ್ಯಲ್ಪ ಎಂಬುದೇ ಈ ಲೇಖನದ ವಾದ.

ಚಿತ್ತಾಪುರ ತಾಲ್ಲೂಕಿನ ಭೀಮಾ ದಂಡೆಯ ಸನ್ನತಿ 1954ರಲ್ಲಿ ಕಪಟರಾಳ ಕೃಷ್ಣರಾಯರ ಶೋಧದಿಂದ ವಿದ್ವತ್ ಲೋಕಕ್ಕೆ ಪರಿಚಯವಾಯಿತು. ರಣಮಂಡಲದ ಕೋಟೆ, ಸ್ತೂಪದ ದಿಬ್ಬಗಳು, ಬ್ರಾಹ್ಮೀ ಶಾಸನಗಳು ಹೆಚ್ಚು ಚರ್ಚೆಗೆ ಬಂದವು. ಅಷ್ಟೇ ಗಮನಕ್ಕೆ ಅರ್ಹವಾದ ಸ್ಮಾರಕಶಿಲೆಗಳು ಹಿನ್ನೆಲೆಯಲ್ಲೇ ಉಳಿದವು. ತೀರಿಹೋದವರ ನೆನಪಿಗೆ ನಿಲ್ಲಿಸಿದ ಈ ಶಾತವಾಹನ ಕಾಲದ ಸುಣ್ಣಶಿಲೆಯ ಫಲಕಗಳಲ್ಲಿ ದಂಪತಿಗಳು ಕುಳಿತಿದ್ದಾರೆ, ಸೇವಕರು ನಿಂತಿದ್ದಾರೆ, ಕೆಲವುಗಳ ಪಟ್ಟಿಕೆಯಲ್ಲಿ ಎತ್ತಿನ ಬಂಡಿ ಹೊರಟಿದೆ. ಕರ್ನಾಟಕದ ನೆಲದಲ್ಲಿ ಗೃಹಸ್ಥರ ಬದುಕು ಕಲ್ಲಿನಲ್ಲಿ ಮೂಡಿದ ಅತಿ ಹಳೆಯ ನಿದರ್ಶನಗಳ ಸಾಲಿಗೆ ಇವು ಸೇರುತ್ತವೆ. ಶಹಾಬಾದ್, ವಾಡಿ, ಸೇಡಂ ಕಡೆ ಇಂದಿಗೂ ಗಣಿಯಿಂದ ಪದರಪದರವಾಗಿ ಎಬ್ಬಿಸುವ ಫರಸಿ ಈ ಸೀಮೆಯ ಸುಣ್ಣಶಿಲೆಯೇ. ಪದರವಾಗಿ ಏಳುವ ಗುಣ ತೆಳು ಫಲಕ ಕೆತ್ತುವವನಿಗೆ ಅನುಕೂಲವಾದಂತೆ, ಕೆತ್ತಿದ ಫಲಕವನ್ನು ಕಿತ್ತೊಯ್ಯುವವನಿಗೂ ಅನುಕೂಲವೇ. ಸ್ತೂಪವನ್ನು ಯಾರೂ ಹೊತ್ತೊಯ್ಯಲಾರರು; ಬಂಡಿಯ ಚಿತ್ರವಿರುವ ಕಲ್ಲನ್ನು ಹೊತ್ತೊಯ್ಯಬಹುದು. ಹಾಗಾಗಿ ಮಾರುಕಟ್ಟೆಯ ಕೈಗೆ ಸುಲಭವಾಗಿ ಎಟುಕುವುದು ಈ ಸಣ್ಣ ಕಲ್ಲುಗಳೇ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಈ ಶಿಲೆಗಳಲ್ಲಿರುವುದು ಗ್ರಾಮಜೀವನವೇ ಅಲ್ಲ, ಸ್ಥಿತಿವಂತ ಮನೆತನಗಳು ತಮ್ಮ ಅಂತಸ್ತನ್ನು ತೋರಿಸಿಕೊಂಡ ಬಗೆ, ಇಲ್ಲವೇ ಸತ್ತವರ ಪರಲೋಕ ಪ್ರಯಾಣ ಎನ್ನಬಹುದು. ಈ ಮಾತಿನಲ್ಲಿ ತಿರುಳಿದೆ. ಆದರೆ ಜರ್ಮನ್ ಚಿತ್ರಗಳೂ ಹಳ್ಳಿಯ ಕನ್ನಡಿಗಳಲ್ಲ. ನಗರದ ಕೊಳ್ಳುಗನಿಗೆ ಹಿಡಿಸುವಂತೆ ಉಡುಪು, ನಗು, ಬೆಳಕುಗಳನ್ನು ಜೋಡಿಸಿದ ದೃಶ್ಯಗಳು ಅವುಗಳಲ್ಲಿ ಹೇರಳವಾಗಿವೆ. ಅಲ್ಲಿ ಚಿತ್ರ ಯಾರಿಗಾಗಿ ಹುಟ್ಟಿತು ಎಂಬುದು ಪತ್ರ, ಪ್ರದರ್ಶನದ ಪಟ್ಟಿ, ಪತ್ರಿಕೆಯ ವಿಮರ್ಶೆಗಳಿಂದ ತಿಳಿಯುತ್ತದೆ. ಸನ್ನತಿಯ ಬಂಡಿ ಸುಗ್ಗಿಯದೋ ಅಂತಿಮಯಾತ್ರೆಯದೋ ಎಂದು ನಿರ್ಧರಿಸಲು ಅಂಥ ಕಾಗದ ಯಾವುದೂ ಇಲ್ಲ. ಕಲ್ಲು ಸ್ತೂಪದಿಂದ ಎಷ್ಟು ದೂರದಲ್ಲಿ ನಿಂತಿತ್ತು, ಯಾವ ದಿಕ್ಕಿಗೆ ಮುಖಮಾಡಿತ್ತು, ಅದರ ಬುಡದಲ್ಲಿ ಏನಿತ್ತು, ಪಕ್ಕದ ಕಲ್ಲು ಯಾರದು ಎಂಬುದಷ್ಟೇ ಸಾಕ್ಷ್ಯ. ಆ ಸಾಕ್ಷ್ಯ ಕಲ್ಲಿನಲ್ಲಿಲ್ಲ, ನೆಲದಲ್ಲಿದೆ. ಆಕ್ಷೇಪ ಎತ್ತಿದ ಪ್ರಶ್ನೆಯನ್ನು ಬಗೆಹರಿಸಲಿಕ್ಕೇ ನೆಲೆ ಬೇಕು.

ಸನ್ನತಿಯ ಪಕ್ಕದ ಕನಗನಹಳ್ಳಿ ಇದಕ್ಕೆ ಗಟ್ಟಿ ಆಧಾರ ಒದಗಿಸುತ್ತದೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪದ ಫಲಕಗಳು ಬಿದ್ದ ಜಾಗದಲ್ಲೇ ಸಿಕ್ಕವು. ಅಶೋಕನ ಶಿಲ್ಪದ ಮೇಲೆ ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವಿದೆ. ಆ ಫಲಕವೊಂದನ್ನೇ ಯಾರಾದರೂ ಮಾರಿದ್ದರೂ ಬರಹ ಅದರ ಜೊತೆಗೇ ಹೋಗುತ್ತಿತ್ತು, ಅರಸನ ಗುರುತು ಕಳೆಯುತ್ತಿರಲಿಲ್ಲ ಎಂಬುದನ್ನು ಒಪ್ಪೋಣ. ಆದರೆ ಶಾತವಾಹನ ಅರಸರ ಹೆಸರು ಹೊತ್ತ ಫಲಕಗಳೂ ಅದೇ ಸ್ತೂಪದಲ್ಲಿದ್ದವು, ಅಂದರೆ ಮೌರ್ಯ ದೊರೆಯ ನೆನಪನ್ನೂ ಆಮೇಲಿನವರ ರಾಜತ್ವವನ್ನೂ ಒಂದೇ ಕಟ್ಟಡದಲ್ಲಿ ಹೆಣೆಯಲಾಗಿತ್ತು ಎಂಬ ತಿಳಿವು ಬಿಡಿಕಲ್ಲಿನಿಂದ ಬರುವುದಿಲ್ಲ. ಕಲಾ ಇತಿಹಾಸದ ವಿದ್ವಾಂಸೆ ಮೋನಿಕಾ ಜಿನ್ 2018ರ ತಮ್ಮ ಗ್ರಂಥದಲ್ಲಿ ಈ ಸ್ತೂಪದ ಅಂಡವನ್ನು, ಅಂದರೆ ಗುಮ್ಮಟವನ್ನು, ಹೊದಿಸಿದ್ದ 60 ಬೃಹತ್ ಫಲಕಗಳನ್ನು ಒಂದು ಸಮುಚ್ಚಯವಾಗಿ ಓದಲು ಸಾಧ್ಯವಾದದ್ದೂ ಅವು ಒಂದೇ ತಾಣದಲ್ಲಿ ಉಳಿದದ್ದರಿಂದ. ಆಂಧ್ರದ ಅಮರಾವತಿ ಸ್ತೂಪದ ಗತಿ ಬೇರೆಯಾಯಿತು. ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ 1797ರಲ್ಲಿ ಮೊದಲು ಅಲ್ಲಿಗೆ ಹೋದ ನಂತರದ ದಶಕಗಳಲ್ಲಿ ಅದರ ಕಲ್ಲುಗಳು ಚೆನ್ನೈ, ಲಂಡನ್ನುಗಳಿಗೆ ಚದುರಿದವು. ಯಾವ ಫಲಕ ಎಲ್ಲಿತ್ತು ಎಂದು ವಿದ್ವಾಂಸರು ಇಂದಿಗೂ ಊಹಿಸಬೇಕಾಗಿದೆ.

ಚಿತ್ರಕಲೆಯೂ ಈ ಕಷ್ಟದಿಂದ ಪೂರ್ತಿ ಪಾರಾಗಿಲ್ಲ. ಲೈಬ್ಲ್ ‘ಬೇಟೆಗಳ್ಳರು’ ಎಂಬ ತನ್ನ ದೊಡ್ಡ ಚಿತ್ರವನ್ನು ಅತೃಪ್ತಿಯಿಂದ ತಾನೇ ಕತ್ತರಿಸಿಹಾಕಿದ. ಉಳಿದ ತುಂಡುಗಳು ಈಗ ಬಿಡಿ ಕೃತಿಗಳಾಗಿವೆ. ಹಿನ್ನೆಲೆ ಗೊತ್ತಿಲ್ಲದವನಿಗೆ ಅಂಥ ತುಂಡು ಬರಿಯ ಒಂದು ಸಣ್ಣ ಗ್ರಾಮಚಿತ್ರ, ಅದರ ಅಂಚು ಕಲಾವಿದ ಬಯಸಿದ ಅಂಚು. ಅಳತೆಯನ್ನು ಎಷ್ಟು ನಿಖರವಾಗಿ ಅಚ್ಚುಹಾಕಿದರೂ ಆ ಅಂಚು ಕತ್ತರಿಯದೆಂದು ಅಳತೆ ಹೇಳುವುದಿಲ್ಲ. ಬಟ್ಟೆಯ ವಿಷಯದಲ್ಲಿ ಇಷ್ಟು ಎಚ್ಚರ ಬೇಕಾದರೆ, ಮುರಿದ ಕಲ್ಲಿನ ವಿಷಯದಲ್ಲಿ ಎಷ್ಟು ಬೇಡ?

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಸನ್ನತಿಯವರೇ ಕಲ್ಲುಗಳನ್ನು ಕದಲಿಸಿಲ್ಲವೇ? ಅಶೋಕನ ಶಾಸನಶಿಲೆ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿತ್ತು. ಮೂರ್ತಿ ಕೂರಿಸಲು ಕೊರೆದ ಕಂಡಿಯಲ್ಲಿ ಅಕ್ಷರಗಳೂ ಹೋದವು. ಇದು ನಷ್ಟವೇ, ಸಂಶಯವಿಲ್ಲ. ಆದರೂ ಆ ಕಲ್ಲು ಊರು ಬಿಡಲಿಲ್ಲ. 1980ರ ದಶಕದ ಕೊನೆಗೆ ಅದು ಬೆಳಕಿಗೆ ಬಂದಾಗ 12 ಮತ್ತು 14ನೆಯ ಶಿಲಾಶಾಸನಗಳೂ, ಕಳಿಂಗದಿಂದಾಚೆ ಅಲ್ಲಿಯವರೆಗೆ ಕಂಡಿರದ ಎರಡು ಪ್ರತ್ಯೇಕ ಶಾಸನಗಳೂ ಭೀಮಾ ದಂಡೆಯವೆಂದು ಧೈರ್ಯವಾಗಿ ಹೇಳಲಾಯಿತು. ಅದೇ ಕಲ್ಲು ದೂರದ ಸಂಗ್ರಹವೊಂದರಲ್ಲಿ ಸಿಕ್ಕಿದ್ದರೆ ಅದನ್ನೂ ಕಳಿಂಗದ್ದೆಂದೇ ಬಗೆಯುವ ಸಂಭವ ಹೆಚ್ಚಿತ್ತು. ಮರುಬಳಕೆ ಕಲ್ಲಿನ ಚರಿತ್ರೆಗೆ ಒಂದು ಅಧ್ಯಾಯ ಸೇರಿಸಿತು. ದಾಖಲೆಯಿಲ್ಲದ ಮಾರಾಟ ಹಿಂದಿನ ಅಧ್ಯಾಯಗಳನ್ನೂ ಕಿತ್ತುಹಾಕುತ್ತದೆ. ಮಳೆ ಬಿಸಿಲಿಗೆ ಬಿದ್ದ ಶಿಲ್ಪ ಯಾವುದೋ ಶ್ರೀಮಂತನ ಮನೆಯಲ್ಲಾದರೂ ಉಳಿಯಲಿ ಎಂಬ ವಾದಕ್ಕೂ ಉತ್ತರ ಇದೇ. ಉಳಿಯುವುದು ಕಲ್ಲು ಮಾತ್ರ. ಬಿಸಿಲಿಗೆ ಪರಿಹಾರ ಸೂರು ಕಟ್ಟುವುದು.

ಸಾಕ್ಷ್ಯವನ್ನು ತಾನೇ ಹೊತ್ತು ತಿರುಗುವ ಚಿತ್ರಕ್ಕೂ ಸಾಕ್ಷ್ಯವನ್ನು ನೆಲದಲ್ಲಿ ಬಿಟ್ಟುಬರುವ ಕಲ್ಲಿಗೂ ಇರುವ ವ್ಯತ್ಯಾಸವನ್ನು ಕಾನೂನು ಅರ್ಧ ಮಾತ್ರ ಗುರುತಿಸಿದೆ. ಜರ್ಮನಿಯಲ್ಲಿ 2016ರ ಸಾಂಸ್ಕೃತಿಕ ಸ್ವತ್ತಿನ ಕಾಯಿದೆಯಂತೆ ಐರೋಪ್ಯ ಒಕ್ಕೂಟದೊಳಗೆ ಚಿತ್ರ ಸಾಗಿಸಲು ಪರವಾನಗಿ ಬೇಕಾಗುವುದು ಅದು 75 ವರ್ಷಕ್ಕೂ ಹಳೆಯದಾಗಿ 3 ಲಕ್ಷ ಯೂರೊ ಮೌಲ್ಯ ದಾಟಿದಾಗ. ಅಲ್ಪಬೆಲೆಯ ಗ್ರಾಮಚಿತ್ರ ನಿರಾತಂಕವಾಗಿ ಗಡಿ ದಾಟುತ್ತದೆ, ಅದರಲ್ಲಿ ತಪ್ಪೇನಿಲ್ಲ. ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆ ಬೆಲೆಯನ್ನು ನೋಡುವುದಿಲ್ಲ, 100 ವರ್ಷದ ವಯಸ್ಸನ್ನು ನೋಡುತ್ತದೆ. ಬೆಲೆಗಿಂತ ವಯಸ್ಸು ಉತ್ತಮ ಅಳತೆಗೋಲು, ಬಂಡಿಯ ಕಲ್ಲಿಗೆ ಬೆಲೆ ಕಟ್ಟುವ ಮೊದಲೇ ಅದಕ್ಕೆ ರಕ್ಷಣೆ ಸಿಗುತ್ತದೆ. ಆದರೆ ಕಾಯಿದೆ ಕಲ್ಲನ್ನು ದೇಶದೊಳಗೆ ತಡೆಯಬಲ್ಲದು, ಅದರ ನೆಲೆಯನ್ನು ಬರೆದಿಡದು. ಸನ್ನತಿ, ಕನಗನಹಳ್ಳಿಗಳ ಮನೆಗೋಡೆ, ಕಟ್ಟೆ, ಹೊಲದ ಬದುಗಳಲ್ಲಿ ಕೆತ್ತನೆಯ ತುಂಡು ಕಂಡಾಗಲೆಲ್ಲ ಅದನ್ನು ಕೀಳುವ ಮೊದಲು ಸ್ಥಳದ ನಕ್ಷೆ, ದಿಕ್ಕು, ಫೋಟೊ ಮತ್ತು ಅದು ಅಲ್ಲಿಗೆ ಬಂದ ಬಗೆ ಕುರಿತು ಮನೆಯ ಹಿರಿಯರ ಹೇಳಿಕೆ ದಾಖಲಾಗಬೇಕು. ಈ ಕೆಲಸ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದಕ್ಕಿಂತ ಮೊದಲಿನದು.