ಒಂದು ಟಿಕೀಟು, ಎರಡು ಹೆಸರು

ಮೂರು ವರ್ಷದ ಹಿಂದಿನ ಮಾತು. ಮಲಪ್ರಭಾ ದಂಡಿ ಊರಿಗೆ ಕೊಟ್ಟ ನಮ್ಮ ತಂಗಿ ಮಗಳು ಒಂದಿನ ಮಧ್ಯಾಹ್ನ ಫೋನ್ ಮಾಡಿ, "ಮೌಶಿ, ಆಪದಾ ಮಿತ್ರ ತರಬೇತಿಗೆ ಅರ್ಜಿ ಹಾಕೀನಿ. ಆಧಾರದಾಗ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನ್ಯಾಗ ಇನ್ನೊಂದು. ಮೊದ್ಲ ಇದನ್ನ ಸರಿ ಮಾಡ್ಕೊಂಡು ಬರ್ರಿ ಅಂತಾರ, ಏನ್ ಮಾಡ್ಲಿ" ಅಂತ ಕೇಳಿದ್ಲು. ಫೋನ್ ಸ್ಪೀಕರ್ ಮ್ಯಾಲ ಇತ್ತು. ನಮ್ಮ ಅತ್ಯಾ, ಅಂದ್ರ ನಮ್ಮಪ್ಪನ ತಂಗಿ, ಅಲ್ಲೇ ಕೂತು ಮೆಂತ್ಯಪಲ್ಯಾ ಸೋಸ್ತಿದ್ಲು. ಕೇಳಿದಕಿನ ಕೈಯಾಗಿನ ಮೆಂತ್ಯ ಬಿಟ್ಟು ಎದ್ದು ಹೋಗಿ, ಕಪಾಟಿನ ತಳದಿಂದ ಬಿಸ್ಕೀಟಿನ ತಗಡಿನ ಡಬ್ಬಿ ತಂದ್ಲು. ಆ ಡಬ್ಬಿಯೊಳಗ ಏನದ ಅಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಬಂಗಾರ ಇರಬೇಕು ಅಂತ ನಮ್ಮ ವೈನಿ ಹೇಳ್ತಿದ್ಲು.

ಬಂಗಾರ ಇರಲಿಲ್ಲ. ಕಂದು ಬಣ್ಣಕ್ಕ ತಿರುಗಿದ ಒಂದು ಪಾವತಿ ಫಾರ್ಮು ಇತ್ತು. ಇಂಗ್ಲೀಷಿನ್ಯಾಗ ಟೈಪ್ ಮಾಡಿ ಸೈಕ್ಲೋಸ್ಟೈಲ್ ತಗದದ್ದು. ಕೆಳಗ ಬಲಕ್ಕ ರೆವಿನ್ಯೂ ಟಿಕೀಟು ಹಚ್ಚ್ಯಾರ. ಆದ್ರ ಟಿಕೀಟಿನ ಮ್ಯಾಲ ಸಹಿ ಇಲ್ಲ, ರೊಕ್ಕದ ಜಾಗಾನೂ ಖಾಲಿ. "ಇದು ನನ್ನ ಶಿಬಿರದ ಭತ್ತೆ. 1968ರಿಂದ ಬರೋದು ಬಾಕಿ ಅದ" ಅಂದ್ಲು ಅತ್ಯಾ. ನಗಲಿಲ್ಲ.

ಈ ಒಂದು ಚೀಟಿ ಹಿಂದ ಎಷ್ಟು ಇತಿಹಾಸ ಅದ ಅಂತ ಆಮ್ಯಾಲ ಕೂತು ಹುಡುಕಿ ತಿಳ್ಕೊಂಡೆ. ನಿಮಗೂ ಹೇಳಬೇಕು ಅನಿಸ್ತು.

ನಮ್ಮ ಧಾರವಾಡ, ಹುಬ್ಬಳ್ಳಿ ಎಲ್ಲಾ ಮೊದಲ ಮುಂಬೈ ಪ್ರಾಂತದಾಗ ಇದ್ವು, ಗೊತ್ತದಲ್ಲ. ಹೋಂ ಗಾರ್ಡ್ ಅನ್ನೋದು ಹುಟ್ಟಿದ್ದೂ ಆ ಮುಂಬೈಯೊಳಗನ, 1946ರ ಡಿಸೆಂಬರ್ 6ಕ್ಕ. ಆವಾಗ ಮುರಾರ್ಜಿ ದೇಸಾಯಿ ಪ್ರಾಂತದ ಗೃಹಮಂತ್ರಿ. ಊರೂರಾಗ ಗಲಾಟಿ ಆಗ್ತಿದ್ವು, ಪೊಲೀಸರ ಕೈಗೆ ಸಾಲ್ತಿರಲಿಲ್ಲ. ಅದಕ್ಕ ಹಗಲಿಗೆ ತಮ್ಮ ಉದ್ಯೋಗ ಮಾಡ್ಕೊಂಡು ಹೊತ್ತು ಬಂದಾಗ ಖಾಕಿ ಹಾಕ್ಕೊಂಡು ಬರೋ ಊರಿನ ಮಂದಿನ ಕೂಡಿಸಿದ್ರು. ಮುಂದಿನ ವರ್ಷ ಅದಕ್ಕ ಕಾನೂನೂ ಆತು. 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಬಂದ್ವಿ. 1962ರಾಗ ಚೀನಾ ಯುದ್ಧ ಆದಮ್ಯಾಲ ಇಡೀ ದೇಶದಾಗ ಹೋಂ ಗಾರ್ಡಿಗೆ ಹೊಸಾ ಜೀವ ಬಂತು. ಮೈಸೂರು ರಾಜ್ಯದ ಹೋಂ ಗಾರ್ಡ್ ಕಾನೂನೂ 1962ರದ್ದ. ಬಂಗಾರ ಕೊಟ್ಟು, ಜವಾನರಿಗೆ ಸ್ವೆಟರ್ ಹೆಣೆದು ಕಳಿಸಿದ ನಮ್ಮ ಅಜ್ಜಿಯಂದಿರ ಕಥಿ ಎಲ್ಲಾರೂ ಹೇಳ್ತಾರ. ತರಬೇತಿಗೆ ಹೋದವರ ಕಥಿ ಮಾತ್ರ ಯಾರೂ ಹೇಳಂಗಿಲ್ಲ.

ಅತ್ಯಾನ ತರಬೇತಿಗೆ ಕಳಿಸಿದ್ದು ಯುದ್ಧ ಅಲ್ಲ, ಭೂಕಂಪ. 1967ರ ಡಿಸೆಂಬರ್ 11, ಕೊಯ್ನಾ ಭೂಕಂಪ. ಆಗ ಅಕಿ ಮದಿವ್ಯಾಗಿ ಹುಬ್ಬಳ್ಳಿಗೆ ಬಂದು ವರ್ಷ ಆಗಿರಲಿಲ್ಲ. ಬೆಳಗಿನ ನಾಕೂವರಿ ಸುಮಾರಿಗೆ ಎದ್ದು ಸ್ನಾನದ ಹಂಡೆಕ್ಕ ಉರಿ ಹಾಕ್ತಿದ್ಲಂತ. ಮಾಡದ ಮ್ಯಾಲಿನ ಹಿತ್ತಾಳಿ ಡಬ್ಬಿ ಗಣಗಣ ಅಂದ್ವು. ಮಾವನವರು ಕಳ್ಳ ಬಂದಾನ ಅಂತ ಕೋಲು ತಗೊಂಡು ಎದ್ರು. ಮುಂದ ಪೇಪರ್‌ನ್ಯಾಗ ಕೊಯ್ನಾನಗರದ ಫೋಟೋ ಬಂದ್ವು. ಬಿದ್ದ ಮನಿ, ಬಯಲಾಗ ಕೂತ ಹೆಂಗಸರು. ಅತ್ಯಾಗ ಆ ಚಿತ್ರ ತಲ್ಯಾಗ ಕೂತುಬಿಡ್ತು. ಬಾಜೂಮನಿ ಟೀಚರಬಾಯಿ ಹೋಂ ಗಾರ್ಡಿಗೆ ಹೆಸರು ಕೊಟ್ಟಿದ್ರು, ಅವರ ಜೋಡಿ ಇಕಿನೂ ಕೊಟ್ಲು. ಮಾವನವರು ಬ್ಯಾಡ ಅನ್ನಲಿಲ್ಲ, ಹೂಂ ಅಂತನೂ ಅನ್ನಲಿಲ್ಲ. ನಮ್ಮ ಮನ್ಯಾಗ ಅದಕ್ಕ ಒಪ್ಪಿಗಿ ಅಂತಾರ.

ಶಿಬಿರ ಬ್ಯಾಸಗ್ಯಾಗ ನಡೀತು. ಮೂರುಮೂಲಿ ಅರಿವಿಲೆ ಮುರಿದ ಕೈ ಕಟ್ಟೋದು, ಇಬ್ಬರು ಕೈ ಜೋಡಿಸಿ ಕುರ್ಚಿ ಮಾಡಿ ಗಾಯಾಳುನ ಎತ್ತೋದು, ಕಂಬಳಿ ಸುತ್ತಿ ಸ್ಟ್ರೆಚರ್ ಮಾಡೋದು, ಬಕೀಟಿನ್ಯಾಗ ಇಟ್ಟು ಕಾಲಿಲೆ ಒತ್ತಿ ಹಿಡಿದು ಹೊಡಿಯೋ ಕೈಪಂಪಿಲೆ ಬೆಂಕಿ ಆರಿಸೋದು. ಹಗ್ಗದ ಗಂಟು ಹತ್ತು ನಮೂನಿ. ಅತ್ಯಾ ಇವತ್ತಿಗೂ ಗೋದಿ ಚೀಲದ ಬಾಯಿ ಕಟ್ಟಿದ್ರ ಬಿಚ್ಚಲಿಕ್ಕೆ ಒಂದ ಎಳತ ಸಾಕು, ತಾನs ಬಿಚ್ಚಂಗಿಲ್ಲ. ನಮ್ಮ ಮನಿ ತೊಟ್ಟಿಲಕ್ಕ ಹಗ್ಗ ಅಕಿನs ಕಟ್ಟಬೇಕು, ಬ್ಯಾರೆಯವರು ಕಟ್ಟಿದ್ರ ಕೂಸಿನ ಹಾಕಲಿಕ್ಕೆ ಬಿಡಂಗಿಲ್ಲ. ಇದು ಎಲ್ಲಿ ಕಲತದ್ದು ಅಂತ ಐವತ್ತು ವರ್ಷ ನಾವ್ಯಾರೂ ಕೇಳಲಿಲ್ಲ ನೋಡ್ರಿ.

ಕಡೀ ದಿವಸ ಭತ್ತೆ ಹಂಚಿದ್ರು. ಪಗಾರ ಅಲ್ಲ, ಭತ್ತೆ. ಇದು ಬರೇ ಶಬ್ದದ ಮಾತಲ್ಲ. ಹೋಂ ಗಾರ್ಡ್ ಅಂದ್ರ ಸ್ವಯಂಸೇವಕರು, ಅವರಿಗೆ ನೌಕರಿ ಹಕ್ಕಿಲ್ಲ, ಕರದ ದಿನದ ಭತ್ತೆ ಅಷ್ಟ. ಈ ವಾದ ಬೆಳಕೋತ ಬೆಳಕೋತ ಸುಪ್ರೀಂ ಕೋರ್ಟಿಗೆ ಹೋಗಿ, 2015ರಾಗ ಕೋರ್ಟು ಏನಂತು ಅಂದ್ರ, ಒಬ್ಬ ಹೋಂ ಗಾರ್ಡ್ ತಿಂಗಳ ಮೂವತ್ತೂ ದಿನ ದುಡದ್ರ ಭತ್ತೆ ಕೂಡಿ ಪೊಲೀಸ್ ಪೇದೆಯ ಕನಿಷ್ಠ ಪಗಾರಕ್ಕಾದ್ರೂ ಸಮ ಆಗಬೇಕು. ನೌಕರಿ ಕಾಯಂ ಮಾಡ್ರಿ ಅಂತ ಮಾತ್ರ ಹೇಳಲಿಲ್ಲ.

ಅತ್ಯಾನ ಸರತಿ ಬಂತು. ಕಾರಕೂನರು ಟಿಕೀಟು ಹಚ್ಚಿ ಫಾರ್ಮು ಮುಂದ ಸರಿಸಿ, ಶಾಲಿ ಬಿಟ್ಟ ದಾಖಲೆ ನೋಡಿದ್ರು. ಅದರಾಗ ತವರುಮನಿ ಹೆಸರು, ನಡುವ ನಮ್ಮಜ್ಜನ ಹೆಸರು, ಆಮ್ಯಾಲ ತವರಿನ ಅಡ್ಡಹೆಸರು. ಅರ್ಜಿಯೊಳಗ ಗಂಡನ ಮನಿ ಹೆಸರು, ನಡುವ ಮಾಮಾನ ಹೆಸರು, ಅಡ್ಡಹೆಸರು ಅವರದು. ಮೂರರಾಗ ಒಂದೂ ಕೂಡಲಿಲ್ಲ. "ಬಾಯಿಯವರ, ನೀವು ಒಬ್ಬರೋ ಇಬ್ಬರೋ?" ಅಂತ ಕೇಳಿದ್ರಂತ. ಸುತ್ತ ಕೂತವರೆಲ್ಲಾ ನಕ್ರು.

ನಮ್ಮ ಕಡೆ ಪದ್ಧತಿ ನಿಮಗ ಹೇಳೋದು ಬ್ಯಾಡ. ಮದಿವ್ಯಾಗ ತಾಟಿನ್ಯಾಗ ಅಕ್ಕಿ ಹರವಿ, ಉಂಗುರಲೆ ಹೊಸಾ ಹೆಸರು ಬರದು, ಮಂದಿಗೆಲ್ಲಾ ಪೇಢೆ ಹಂಚಿ ಹುಡುಗಿನ ಆ ಹೆಸರಿಲೆ ಕರೀತಾರ. ಬರದ ಅಕ್ಕಿ ಮರದಿನ ಅನ್ನ ಆಗ್ತದ. ಎಲ್ಲೂ ನೋಂದ್ ಇಲ್ಲ, ಸಹಿ ಇಲ್ಲ. ಹದಿನೆಂಟು ವರ್ಷ ಕರಿಸಿಕೊಂಡ ಹೆಸರು ಶಾಲಿ ರಜಿಸ್ಟರಿನ್ಯಾಗ ಉಳೀತು. ನಾನು ಕಾರಕೂನರನ್ನ ಬಯ್ಯಂಗಿಲ್ಲ, ಅವರು ಕೇಳಿದ್ದು ನಾವು ಕೇಳಬೇಕಾಗಿದ್ದ ಪ್ರಶ್ನೆನ. ಅಕಿನ ಇಬ್ಬರನ್ನ ಮಾಡಿದವರು ನಾವು, ಮನಿಯವರು.

ಅಫಿಡವಿಟ್ ತರ್ರಿ ಅಂದ್ರು. ಅದಕ್ಕ ಛಾಪಾ ಕಾಗದ, ವಕೀಲರು, ಕೋರ್ಟಿನ ಕಟ್ಟಿ ಹತ್ತೋದು. ಮಾವನವರು, "ಅಷ್ಟು ರೊಕ್ಕಕ್ಕ ಇಷ್ಟು ಖರ್ಚು ಯಾಕ?" ಅಂದ್ರು. ಲೆಕ್ಕ ಅವರದು ಬರೋಬ್ಬರಿನ ಇತ್ತು. ಎಷ್ಟು ರೊಕ್ಕ ಅಂತ ಅತ್ಯಾಗ ಈಗ ನೆನಪಿಲ್ಲ. ಆದ್ರ ಆ ಟಿಕೀಟು ಒಂದು ಮಾತು ಹೇಳ್ತದ. 1899ರ ಸ್ಟಾಂಪ್ ಕಾನೂನಿನ ಪ್ರಕಾರ ಆವಾಗ 20 ರೂಪಾಯಿ ಮೀರಿದ ಪಾವತಿಗೆ ಟಿಕೀಟು ಹಚ್ಚಬೇಕಿತ್ತು. ಅಂದಮ್ಯಾಲ ಭತ್ತೆ 20 ರೂಪಾಯಿಗಿಂತ ಹೆಚ್ಚಿಂದ. ಆ ಗೆರಿ 1994ರಾಗ 500ಕ್ಕ, 2004ರಾಗ 5000ಕ್ಕ ಏರಿತು. ಇವತ್ತಿನ ಲೆಕ್ಕದಾಗ ಆ ಚೀಟಿಗೆ ಟಿಕೀಟs ಬೇಕಿಲ್ಲ.

ರೊಕ್ಕ ಹೋದ್ರ ಹೋಗ್ಲಿ. ಅತ್ಯಾಗ ಹತ್ತಿದ್ದು ಬ್ಯಾರೆ ಪೆಟ್ಟು. ನಾಗಪುರದಾಗ ಕೇಂದ್ರ ಸರಕಾರದ ಒಂದು ಸಂಸ್ಥಾ ಇತ್ತು. 1957ರ ಏಪ್ರಿಲ್ 29ಕ್ಕ ತುರ್ತು ಪರಿಹಾರ ತರಬೇತಿ ಸಂಸ್ಥೆ ಅಂತ ಶುರು ಆದದ್ದು, 1968ರ ಏಪ್ರಿಲ್‌ದಾಗ ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜು ಅಂತ ಹೆಸರು ಬದಲಾತು. (ನೋಡ್ರಿ, ಸಂಸ್ಥಾದ ಹೆಸರು ಬದಲಾದ್ರ ಆದೇಶ ಬರ್ತದ, ಹೆಂಗಸಿನ ಹೆಸರು ಬದಲಾದ್ರ ಪೇಢೆ ಬರ್ತಾವ.) ಅದೇ ವರ್ಷ ಮೇದಾಗ ನಾಗರಿಕ ರಕ್ಷಣಾ ಕಾನೂನೂ ಆತು. ಕಲಿಸೋವರನ್ನ ತಯಾರು ಮಾಡೋ ಕಾಲೇಜು ಅದು. ಅಲ್ಲಿಗೆ ನಾವು ನೀವು ಅರ್ಜಿ ಬರದು ಹೋಗಲಿಕ್ಕೆ ಬರ್ತಿರಲಿಲ್ಲ, ರಾಜ್ಯ ಸರಕಾರ ಹೆಸರು ಕಳಿಸಬೇಕಿತ್ತು. ಶಿಬಿರದ ಸಾಹೇಬರು ಟೀಚರಬಾಯಿದೂ ಅತ್ಯಾಂದೂ ಹೆಸರು ಬರಕೊಂಡಿದ್ರಂತ. ಆದ್ರ ಪಾವತಿ ಆಗಲಾರದ್ದಕ್ಕ ಅತ್ಯಾನ ಫೈಲಿನ್ಯಾಗ ಶಿಬಿರ ಮುಗದದ್ದs ಬರಲಿಲ್ಲ. ಫೈಲಿನ್ಯಾಗ ಮುಗೀಲಾರದ್ದು ಎಲ್ಲೂ ಮುಗಿಯಂಗಿಲ್ಲ. ಟೀಚರಬಾಯಿ ಹೋಗಿ ಬಂದು ಮುಂದ ಎಷ್ಟೋ ಶಿಬಿರದಾಗ ಕಲಿಸಿದ್ರು. ಅವರ ಮದಿವಿ ಆಗಿರಲಿಲ್ಲ, ಹೆಸರು ಒಂದs ಇತ್ತು.

ಹೋಂ ಗಾರ್ಡ್ ಬಿಟ್ಟವರು ನೇಮಕದ ಪ್ರಮಾಣಪತ್ರ, ಬಟ್ಟಿಬರಿ ಎಲ್ಲಾ ವಾಪಸ್ ಕೊಡಬೇಕು. ಅತ್ಯಾನೂ ಕೊಟ್ಲು. ಹಿಂಗಾಗಿ ಅಕಿ ಕಲತದ್ದಕ್ಕ ಇರೋ ಒಂದs ದಾಖಲೆ ಅಂದ್ರ ರೊಕ್ಕ ಸಿಗಲಿಲ್ಲ ಅನ್ನೋ ಆ ಚೀಟಿ. ಡಬ್ಬಿಯೊಳಗ ಯಾಕ ಇಟ್ಟಿದ್ಲು ಅಂತ ನನಗ ಆವಾಗ ತಿಳೀತು.

ತಂಗಿ ಮಗಳ ಕಥಿಗೆ ಬರ್ತೀನಿ. ಆಪದಾ ಮಿತ್ರ ಅನ್ನೋದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಯೋಜನೆ. ಸುನಾಮಿ ಆದ ಮರುವರ್ಷ, 2005ರಾಗ ಬಂದ ಕಾನೂನಿಂದ ಹುಟ್ಟಿದ ಪ್ರಾಧಿಕಾರ ಅದು. ಪೂರ ಬಂದ ಮೊದಲ ತಾಸಿನ್ಯಾಗ ದೋಣಿ ತಗೊಂಡು ದಿಲ್ಲಿಯಿಂದ ಯಾರೂ ಬರಂಗಿಲ್ಲ, ಬಾಜೂಮನಿಯವರs ಬರಬೇಕು, ಅದಕ್ಕ ಊರವರಿಗೇ ಕಲಿಸ್ರಿ ಅನ್ನೋ ವಿಚಾರ. 2016ರಾಗ 30 ಜಿಲ್ಲಾದಾಗ 6000 ಮಂದಿಗೆ ಕಲಿಸಿ ನೋಡಿದ್ರು. 2021ರಾಗ 350 ಜಿಲ್ಲಾ, ಒಂದು ಲಕ್ಷ ಮಂದಿ ಅಂತ ಬೆಳಸಿದ್ರು. ಹನ್ನೆರಡು ದಿನದ ತರಬೇತಿ, ವಿಮಾ, ಜೀವರಕ್ಷಕ ಜಾಕೀಟು, ಬ್ಯಾಟರಿ, ಪ್ರಥಮೋಪಚಾರದ ಪೆಟ್ಟಿಗಿ ಕೂಡಿದ ಒಂದು ಕಿಟ್. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಏರಿದಾಗ ಹುಡುಗಿ ಅತ್ತಿಮನ್ಯಾಗ ಮಾಳಗಿ ಮ್ಯಾಲ ಒಂದು ರಾತ್ರಿ ಕಳದಾಳ, ಕೆಳಗ ಆಕಳ ಒದರೋದು ಕೇಳಕೋತ. ಅರ್ಜಿ ಹಾಕಲಿಕ್ಕೆ ಅಕಿಗೆ ಮತ್ತೊಂದು ಕಾರಣ ಬೇಕಿರಲಿಲ್ಲ.

ಕಾರಕೂನರ ಜಾಗಾಕ್ಕ ಈಗ ಆಧಾರ ಬಂದದ. 2013ರ ಜನವರಿಯಿಂದ ಸರಕಾರದ ರೊಕ್ಕ ಸೀದಾ ಬ್ಯಾಂಕ್ ಖಾತೆಕ್ಕ ಹಾಕೋದು ಶುರು ಮಾಡಿದ್ರು, 2014ರ ಜನಧನದಾಗ ಎಷ್ಟೋ ಹೆಂಗಸರ ಹೆಸರಿಲೆ ಮೊದಲನೇ ಸಲ ಖಾತೆ ಆದ್ವು. ಇದು ಛಲೋನ ಆತು, ನಡುವ ಯಾರೂ ಕೈ ಹಾಕಂಗಿಲ್ಲ. ಆದ್ರ ತಾಟಿನ್ಯಾಗಿನ ಅಕ್ಕಿ ಹಂಗ ಅದ. ನಮ್ಮ ಹುಡುಗಿದೂ ಮದಿವ್ಯಾಗ ಹೆಸರು ಬದಲು ಮಾಡಿದ್ವಿ. ಪೇಢೆ ಹಂಚಿದಕಿ ನಾನs.

"ಈ ಸಲ ಅಫಿಡವಿಟ್ ಖರ್ಚು ನಂದು" ಅಂದ್ಲು ಅತ್ಯಾ, ಪಿಂಚಣಿ ಪಾಸ್‌ಬುಕ್ಕು ತಗದಿಟ್ಟು. ಅಫಿಡವಿಟ್ ಬೇಕಾಗಲಿಲ್ಲ. ಮದಿವಿ ನೋಂದಣಿ ಪತ್ರ ತೋರಿಸಿ ಖಾತೆ ಹೆಸರು ತಿದ್ದಿಸೋದ್ರಾಗ ಮೊದಲನೇ ತಂಡ ತಪ್ಪಿತು, ಎರಡನೇದ್ರಾಗ ಹೋದ್ಲು. ಯಾವ ಹೆಸರು ಇಟ್ಕೊಂಡ್ಲು ಅಂತೀರಿ? ತವರುಮನೀದು. ಅತ್ತಿಮನ್ಯಾಗ ಎರಡು ದಿನ ಯಾರೂ ಮಾತಾಡಲಿಲ್ಲಂತ, ಮೂರನೇ ದಿನ ಆಕಳ ಕರು ಹಾಕಿ ಎಲ್ಲಾರೂ ಮರತ್ರು.

ಭತ್ತೆ ಜಮಾ ಆದ ದಿವಸ ಮೊಬೈಲ್ ಮೆಸೇಜಿನ ಫೋಟೋ ಕಳಿಸಿದ್ಲು. ಅತ್ಯಾ ಚಸ್ಮಾ ಹಾಕ್ಕೊಂಡು ನೋಡಿ, "ಸಹಿ ಎಲ್ಲಿ ಮಾಡ್ಯಾಳ?" ಅಂದ್ಲು. ಈಗ ಸಹಿ ಬ್ಯಾಡ ಅತ್ಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನ ಕೂತು, ತನ್ನ ಚೀಟಿ ಮಡಚಿ ಡಬ್ಬಿಯೊಳಗ ಇಟ್ಟು, ಹುಡುಗಿ ಗಂಟು ಹಾಕಲಿಕ್ಕೆ ಕಲತಾಳೋ ಇಲ್ಲೋ, ಬಂದಾಗ ಹಗ್ಗ ಕೊಟ್ಟು ನೋಡಬೇಕು ಅಂದ್ಲು.