ಬಂದೂಕಿನಿಂದ ಜೂಮ್‌ವರೆಗೆ: ಹಾರುವ ಹಕ್ಕಿಯ ಚಿತ್ರದ ಕಥೆ

ಹಾರುವ ಹಕ್ಕಿಯ ಚಿತ್ರಕ್ಕೆಂದು ಹಿಂದೆ ಮಾಡಿದ ಒಂದು ಹೆಸರಾಂತ ಕ್ಯಾಮೆರಾ ಬಂದೂಕಿನ ಆಕಾರದಲ್ಲೇ ಇತ್ತು. 1882ರಲ್ಲಿ ಫ್ರಾನ್ಸಿನ ವಿಜ್ಞಾನಿ ಎತಿಯೆನ್ ಜೂಲ್ಸ್ ಮಾರೆ ಅದನ್ನು ಮಾಡಿದರು. ಹೆಗಲಿಗೆ ಒರಗಿಸಿ ಗುರಿ ಹಿಡಿದು ಟ್ರಿಗರ್ ಒತ್ತಿದರೆ ಸೆಕೆಂಡಿಗೆ 12 ಚಿತ್ರ ಬೀಳುತ್ತಿದ್ದವು. ರೆಕ್ಕೆ ಹೇಗೆ ಬಡಿಯುತ್ತದೆ ಎಂಬುದು ಕಂಡಿತು, ಹಕ್ಕಿ ಬದುಕಿತು. ಆಗಿನ್ನೂ ನಮ್ಮ ಕಲಾದಗಿಯೇ ಜಿಲ್ಲಾ ಕೇಂದ್ರ. ಕಚೇರಿಗಳು ವಿಜಯಪುರಕ್ಕೆ ಹೋದದ್ದು ಅದೇ ದಶಕದಲ್ಲಿ.

ಮುಂದೆ ಕರ್ನಾಟಕದಲ್ಲೂ ದೊಡ್ಡ ಛಾಯಾಗ್ರಾಹಕರು ಬಂದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮ್ ಕಾಲದವರು. ಒಂದು ರೋಲಿಗೆ 36 ಚಿತ್ರ ಅಷ್ಟೇ. ತೊಳೆಸುವವರೆಗೆ ಏನು ಬಂತೆಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಾಯುವುದೇ ಅರ್ಧ ಕೆಲಸವಾಗಿತ್ತು.

2015ರಲ್ಲಿ ನಿಕಾನ್ ಪಿ900 ಬಂತು. ಲೆನ್ಸ್ ಬದಲಿಸದೆ 83 ಪಟ್ಟು ಜೂಮ್. 2018ರ ಪಿ1000ದಲ್ಲಿ ಅದು 125 ಪಟ್ಟು ಆಯಿತು. ದಂಡೆಯ ಮೇಲೆ ನಿಂತು ನಡುನೀರಿನ ಹಕ್ಕಿಯ ಕಣ್ಣು ನೋಡುವಂತಾಯಿತು.

ನಮ್ಮಲ್ಲಿ ಆ ನೀರು ಬಂದದ್ದು ಆಲಮಟ್ಟಿ ಅಣೆಕಟ್ಟಿನಿಂದ. ಹಳೇ ಬಾಗಲಕೋಟೆಯ ಮನೆಗಳು, ಹೊಳೆಸಾಲಿನ ಹೊಲಗಳು ಮುಳುಗಿದವು. ಜನ ಎದ್ದು ಹೋದ ಜಾಗಕ್ಕೆ ಫ್ಲೆಮಿಂಗೊ, ಪಟ್ಟೆತಲೆ ಹೆಬ್ಬಾತುಗಳು ಬರತೊಡಗಿದವು. ಹೆಬ್ಬಾತು ಹಿಮಾಲಯ ದಾಟಿ ಬರುವ ಹಕ್ಕಿ.

ಈಗ ಕೆಲವರು ರೆಕ್ಕೆ ಬಿಚ್ಚಿದ ಚಿತ್ರ ಬೇಕೆಂದು ಕೂತ ಹಿಂಡಿಗೆ ಕಲ್ಲು ಒಗೆಯುತ್ತಾರೆ, ಕೂಗಿ ಎಬ್ಬಿಸುತ್ತಾರೆ. ಚಳಿಗಾಲದಲ್ಲಿ ತಿಂದು ಕೂಡಿಟ್ಟ ಕೊಬ್ಬೇ ಹೆಬ್ಬಾತಿಗೆ ಮರಳಿ ಹಿಮಾಲಯ ದಾಟಲು ಬುತ್ತಿ. ಸುಮ್ಮನೆ ಎಬ್ಬಿಸಿದಷ್ಟು ಸಲ ಆ ಬುತ್ತಿ ಕರಗುತ್ತದೆ, ಮೇಯುವ ಹೊತ್ತೂ ಹೋಗುತ್ತದೆ. ಹತ್ತಿರ ಹೋಗುವುದು ಬೇಡವೆಂದೇ ಉದ್ದ ಜೂಮ್ ಇರುವಾಗ, ಹೀಗೆ ಮಾಡುವುದು ಯಾವ ನ್ಯಾಯ?

ಎಬ್ಬಿಸದೆಯೂ ಹಾರುವ ಚಿತ್ರ ಸಿಗುತ್ತದೆ. ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿ ಕೂಡ್ರಿ. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತದೆ; ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಅದು ನಿಮ್ಮ ಕಡೆಗೇ ಬರುತ್ತದೆ. ಮೊದಲು ಕಡಿಮೆ ಜೂಮ್‌ನಲ್ಲಿ ಹಕ್ಕಿಯನ್ನು ಹಿಡಿದು, ಆಮೇಲೆ ಹಿಗ್ಗಿಸಿ. ಪೂರ್ತಿ ಜೂಮ್‌ನಲ್ಲಿ ಹುಡುಕಿದರೆ ಬರೀ ಆಕಾಶ ಕಾಣುತ್ತದೆ. ಶಟರ್ 1/1000 ಅಥವಾ ಇನ್ನೂ ವೇಗಕ್ಕೆ ಇಡಿ. ಸಾಲಾಗಿ ಚಿತ್ರ ತೆಗೆಯಿರಿ.

ಮೇಯುವ ಹಿಂಡು ಹೊತ್ತಾದಾಗ ತಾನೇ ಜಾಗ ಬದಲಿಸುತ್ತದೆ. ಅಲ್ಲಿತನಕ ದಂಡೆಯ ಮೇಲೆ ಸುಮ್ಮನೆ ಕೂಡ್ರೋಣ. ಪಕ್ಕದಲ್ಲಿ ಯಾರಾದರೂ ಕಲ್ಲು ಎತ್ತಿದರೆ, ಬೇಡ ಎಂದು ಹೇಳೋಣ.