ಮಾಸುವ ನೀಲಿ, ಕುಗ್ಗುವ ಬಟ್ಟೆ: ಗಡಿನಾಡಿನಿಂದ ನೋಡಿದ ಜೀನ್ಸಿನ ಚರಿತ್ರೆ

ಕನ್ನಡದಲ್ಲಿ ಬಟ್ಟೆಯ ಬಗೆಗೆ ಎರಡು ಬೇರೆ ಬೇರೆ ಕ್ರಿಯಾಪದಗಳಿವೆ. ಸೀರೆ, ಪಂಚೆಗಳನ್ನು ನಾವು ಉಡುತ್ತೇವೆ; ಅಂಗಿ, ಕುಪ್ಪಸಗಳನ್ನು ತೊಡುತ್ತೇವೆ. ‘ಉಡುಗೆ ತೊಡುಗೆ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವ ಜೋಡುನುಡಿಯೊಳಗೆ ಉಡುಪಿನ ಚರಿತ್ರೆಯ ಒಂದು ದೊಡ್ಡ ಭೇದ ಅಡಗಿದೆ. ಉಡುವ ಬಟ್ಟೆಗೆ ಅಳತೆಯ ಹಂಗಿಲ್ಲ. ಮೈ ದಪ್ಪಗಾದರೆ ನೆರಿಗೆ ಕಡಿಮೆ, ತೆಳ್ಳಗಾದರೆ ನೆರಿಗೆ ಹೆಚ್ಚು. ತೊಡುವ ಬಟ್ಟೆಯಾದರೋ ಒಬ್ಬನ ಮೈಗೆ ಕತ್ತರಿಸಿದ್ದು. ಅದು ಬಿಗಿಯಾಗಬಹುದು, ದೊಗಲೆಯಾಗಬಹುದು, ನೀರು ಕಂಡು ಕುಗ್ಗಿ ಮಾಲೀಕನನ್ನೇ ಒಲ್ಲೆನೆನ್ನಬಹುದು.

ಈ ಭೇದವನ್ನು ಕಣ್ಣಾರೆ ನೋಡಲು ಹಿಂದೂಪುರದವರು ದೂರ ಹೋಗಬೇಕಾಗಿಲ್ಲ. ಹದಿನಾರನೆಯ ಶತಮಾನದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದರೆಂದು ಪ್ರಸಿದ್ಧವಾದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ತಲೆಯೆತ್ತಿ ಮಾಳಿಗೆಯ ಚಿತ್ರಗಳನ್ನು ನೋಡಿದರೆ ಸಾಕು. ಪಟ್ಟೆ, ಹೂವು, ಚೌಕುಳಿಗಳ ಸೀರೆಗಳೂ ಧೋತರಗಳೂ ಅಲ್ಲಿ ಎಷ್ಟು ವಿವರವಾಗಿವೆಯೆಂದರೆ ಇಂದಿಗೂ ನೇಕಾರರು ಅವುಗಳಿಂದ ಮಾದರಿ ತೆಗೆಯುತ್ತಾರೆ. ಅದೇ ಚಿತ್ರಗಳಲ್ಲಿ ಗಣ್ಯ ಪುರುಷರ ತಲೆಯ ಮೇಲೆ ಎತ್ತರದ ಕುಲ್ಲಾಯಿ ಇದೆ. ಕುಲ್ಲಾಯಿ, ಕಬಾಯಿಗಳು ಪಶ್ಚಿಮ ಏಷ್ಯಾದ ಆಸ್ಥಾನಗಳ ಕಡೆಯಿಂದ ವಿಜಯನಗರಕ್ಕೆ ಬಂದ ತೊಡುಗೆಗಳು. ಹೊರಗಿನಿಂದ ಬಂದ ಉಡುಪು ಇಲ್ಲಿಯದಾಗುವುದು ನಮ್ಮ ಸೀಮೆಗೆ ಹೊಸ ಸಂಗತಿಯೇನಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಈಗ ನಮ್ಮ ಮಕ್ಕಳು, ಮೊಮ್ಮಕ್ಕಳು ದಿನಬೆಳಗಾದರೆ ತೊಡುವ ಜೀನ್ಸ್ ಆ ಸಾಲಿನಲ್ಲಿ ಇತ್ತೀಚಿನದು.

ಹೊರಗಿನದು ಎಂದೆ, ಪೂರ್ತಿ ಹೊರಗಿನದೂ ಅಲ್ಲ. ‘ಡೆನಿಮ್’ ಎಂಬ ಹೆಸರು ಫ್ರಾನ್ಸಿನ ನೀಮ್ ಪಟ್ಟಣದಿಂದಲೂ, ‘ಜೀನ್’ ಎಂಬುದು ಇಟಲಿಯ ಜಿನೋವಾ ಬಂದರಿನಿಂದಲೂ ಬಂದವೆಂದು ಹೇಳುವುದು ರೂಢಿ. ಆದರೆ ಇವುಗಳ ಬಳಗದ ಮೂರನೆಯ ಹೆಸರು ‘ಡಂಗರಿ’. ಅದು ಮುಂಬಯಿಯ ಡೋಂಗ್ರಿಯಿಂದ ಹುಟ್ಟಿದ್ದು. ಡೋಂಗ್ರಿಯ ಒರಟು ಹತ್ತಿಬಟ್ಟೆಯನ್ನು ಹದಿನೇಳನೆಯ ಶತಮಾನದಲ್ಲೇ ಇಂಗ್ಲಿಷ್ ವ್ಯಾಪಾರಿಗಳು ಬಲ್ಲವರಾಗಿದ್ದರು. ನಾವಿಕರೂ ಕೂಲಿಕಾರರೂ ಅದನ್ನು ತೊಡುತ್ತಿದ್ದರು. 1873ರ ಮೇ 20ರಂದು ಸ್ಯಾನ್‌ಫ್ರಾನ್ಸಿಸ್ಕೋದ ವ್ಯಾಪಾರಿ ಲೀವೈ ಸ್ಟ್ರಾಸ್ ಮತ್ತು ನೆವಾಡಾದ ದರ್ಜಿ ಜೇಕಬ್ ಡೇವಿಸ್ ಇಬ್ಬರೂ ಕೂಡಿ, ಜೇಬಿನ ಮೂಲೆಗಳಿಗೆ ತಾಮ್ರದ ಗುಬ್ಬಿ ಬಡಿದ ಕೆಲಸದ ಷರಾಯಿಗೆ ಪೇಟೆಂಟ್ ಪಡೆದರು. ಗಣಿ ಕಾರ್ಮಿಕನ ಜೇಬು ಹರಿಯದಿರಲಿ ಎಂಬುದಷ್ಟೇ ಅದರ ಉದ್ದೇಶ.

ಆ ಕಾಲದ ಜೀನ್ಸ್ ಅಂಗಡಿಯಲ್ಲಿ ಕೊಂಡಾಗ ಹಲಗೆಯಂತೆ ಸೆಟೆದಿರುತ್ತಿತ್ತು. ನೀರಿಗೆ ಹಾಕಿದರೆ ನೂರಕ್ಕೆ ಹತ್ತು ಪಾಲಿನವರೆಗೆ ಕುಗ್ಗುತ್ತಿತ್ತು. ಕಾರಣ ಸರಳ. ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಗಂಜಿ ಆ ಬಿಗಿತವನ್ನು ಹಿಡಿದಿಟ್ಟಿರುತ್ತದೆ. ನೀರು ತಗುಲಿದೊಡನೆ ಗಂಜಿ ಬಿಡುತ್ತದೆ, ಹತ್ತಿಯ ಎಳೆ ಉಬ್ಬುತ್ತದೆ, ಎಳೆಸಿಕೊಂಡಿದ್ದ ನೂಲು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಆದ್ದರಿಂದಲೇ ಅಗಲಕ್ಕಿಂತ ಉದ್ದದಲ್ಲಿ ಕುಗ್ಗು ಹೆಚ್ಚು. ನಮ್ಮ ಊರುಗಳ ದರ್ಜಿಗಳಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ‘ಒಂದು ರಾತ್ರಿ ನೆನೆಸಿ, ಒಣಗಿಸಿ ತನ್ನಿ’ ಎಂದು ಹೇಳಿಯೇ ಅವರು ಬಟ್ಟೆಯನ್ನು ಅಳತೆಗೆ ತೆಗೆದುಕೊಳ್ಳುತ್ತಿದ್ದರು. ಶಾಲೆಯ ಮಕ್ಕಳ ಚಡ್ಡಿ, ಲಂಗಗಳಿಗೆ ಒಳಗೆ ಎರಡು ಬೆರಳು ಮಡಿಕೆ ಇಟ್ಟು ಹೊಲಿಯುತ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿದಾಗ ಮಾಸಿದ ಬಟ್ಟೆಯ ಕೆಳಗೆ ಹೊಸ ಬಣ್ಣದ ಒಂದು ಪಟ್ಟಿ ಕಾಣಿಸಿಕೊಳ್ಳುತ್ತಿತ್ತು. ಎಷ್ಟು ಪಟ್ಟಿಗಳಿವೆ ಎಂದು ಎಣಿಸಿದರೆ ಆ ಉಡುಪಿನ ವಯಸ್ಸು ತಿಳಿಯುತ್ತಿತ್ತು.

ಕುಗ್ಗುವಿಕೆಗೆ ಯಂತ್ರದ ಮದ್ದು ದೊರೆತದ್ದು 1930ರ ಸುಮಾರಿಗೆ. ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬ ಅಮೆರಿಕದ ತಂತ್ರಜ್ಞ ಬಟ್ಟೆಯನ್ನು ತೇವಗೊಳಿಸಿ, ಹಿಗ್ಗಿ ಕುಗ್ಗುವ ದಪ್ಪ ಪಟ್ಟಿಯೊಂದರ ಮೇಲೆ ಒತ್ತಿ, ಪಟ್ಟಿಯೊಡನೆ ಬಟ್ಟೆಯನ್ನೂ ಮೊದಲೇ ಕುಗ್ಗಿಸುವ ವಿಧಾನ ಕಂಡುಹಿಡಿದ. ಅವನ ಹೆಸರಿನಿಂದಲೇ ಅದಕ್ಕೆ ‘ಸ್ಯಾನ್‌ಫರೈಸ್’ ಎಂಬ ಹೆಸರು. ನಮ್ಮಲ್ಲಿಯೂ ಒಂದು ತಲೆಮಾರಿನವರು ಥಾನಿನ ಅಂಚಿನ ಮೇಲೆ ಆ ಮುದ್ರೆಯನ್ನು ಹುಡುಕಿ ಬಟ್ಟೆ ಕೊಳ್ಳುತ್ತಿದ್ದರು.

ಇನ್ನು ಬಣ್ಣದ ಮಾತು. ಜೀನ್ಸಿನ ಜೀವವೆಲ್ಲ ನೀಲಿಯಲ್ಲಿದೆ. ನೀಲಿಯ ಚರಿತ್ರೆ ನಮ್ಮ ನೆರೆಯದೇ. ದತ್ತಮಂಡಲದ ಕಡಪ ಸೀಮೆಯ ನೀಲಿ ಹತ್ತೊಂಬತ್ತನೆಯ ಶತಮಾನದಲ್ಲಿ ‘ಕುರ್ಪಾ’ ಎಂಬ ವಿಕಾರಗೊಂಡ ಹೆಸರಿನಿಂದ ಲಂಡನ್ ಪೇಟೆಯಲ್ಲಿ ಮಾರಾಟವಾಗುತ್ತಿತ್ತು. ನೀಲಿಯ ರಾಸಾಯನಿಕ ರಚನೆಯನ್ನು ಬಿಡಿಸಿದ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್‌ಗೆ 1905ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅದಕ್ಕೂ ಮುನ್ನವೇ, 1897ರಲ್ಲಿ, ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ತಂದಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಹೊಲದ ನೀಲಿ ನೆಲಕಚ್ಚಿತು. ಬಿಹಾರದ ನೀಲಿ ರೈತರ ಬವಣೆ ಚಂಪಾರಣ್ಯದ ಮೂಲಕ ಎಲ್ಲರಿಗೂ ಗೊತ್ತು. ಕಡಪದ ನೀಲಿ ಸದ್ದಿಲ್ಲದೆ ಹೋಯಿತು.

ಹೊಲದ್ದಾಗಲಿ ಕಾರ್ಖಾನೆಯದಾಗಲಿ, ನೀಲಿಯ ಸ್ವಭಾವ ಒಂದೇ. ಅದು ನೀರಿನಲ್ಲಿ ಕರಗದು. ಬಾನಿಯಲ್ಲಿ ಹುದುಗೆಬ್ಬಿಸಿ, ಇಲ್ಲವೆ ರಾಸಾಯನಿಕದಿಂದ ಕರಗಿಸಿದಾಗ ದ್ರಾವಣ ಹಳದಿ ಮಿಶ್ರಿತ ಹಸಿರಾಗುತ್ತದೆ. ಅದ್ದಿ ತೆಗೆದ ನೂಲು ಗಾಳಿಗೆ ತಗುಲಿದಾಗಲೇ ನೋಡನೋಡುತ್ತ ನೀಲಿಯಾಗುತ್ತದೆ. ಎಷ್ಟು ಬಾರಿ ಅದ್ದಿದರೂ ಬಣ್ಣ ನೂಲಿನ ಹೊರಮೈಯನ್ನು ಸುತ್ತಿಕೊಳ್ಳುವುದೇ ಹೊರತು ತಿರುಳಿಗೆ ಪೂರ್ತಿ ಇಳಿಯುವುದಿಲ್ಲ. ಡೆನಿಮ್ಮಿನಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ಉಜ್ಜಿದಲ್ಲೆಲ್ಲ ನೀಲಿಯ ಹೊರಪದರ ಸವೆದು ಒಳಗಿನ ಬಿಳಿ ತಿರುಳು ಇಣುಕುತ್ತದೆ. ಬೇರೆ ಬಣ್ಣದ ಬಟ್ಟೆ ಹಳತಾದರೆ ಒಟ್ಟಾರೆ ಮಂಕಾಗುತ್ತದೆ; ಇದು ತೊಟ್ಟವನ ನಡಿಗೆ, ಕೂರುವ ಭಂಗಿ, ಜೇಬಿನಲ್ಲಿಡುವ ಪರ್ಸು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ.

ಈ ಗುಣವನ್ನೇ ಒಂದು ಉಪಾಸನೆಯಾಗಿಸಿದವರು ಜಪಾನೀಯರು. 1945ರ ನಂತರ ಅಮೆರಿಕದ ಸೈನಿಕರ ಹಳೆಯ ಜೀನ್ಸ್ ಟೋಕಿಯೋದ ಕಾಳಸಂತೆಗಳ ಮೂಲಕ ಜನರ ಕೈಸೇರಿತು. 1960ರ ದಶಕದಲ್ಲಿ ಒಕಾಯಾಮಾ ಪ್ರಾಂತದ ಕೊಜಿಮಾದಲ್ಲಿ, ಅದುವರೆಗೆ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಊರಿನಲ್ಲಿ, ಜೀನ್ಸ್ ತಯಾರಿಕೆ ಶುರುವಾಯಿತು. ಅಮೆರಿಕದ ಗಿರಣಿಗಳು ಹಳೆಯ ಲಾಳಿಮಗ್ಗಗಳನ್ನು ಕಿತ್ತುಹಾಕಿ ವೇಗದ ಮಗ್ಗಗಳನ್ನು ಹೂಡಿದ ಮೇಲೆ ಬಟ್ಟೆ ನಯವಾಯಿತು, ಅಗ್ಗವಾಯಿತು, ನಿರ್ಜೀವವೂ ಆಯಿತೆಂದು ಅವರಲ್ಲಿ ಕೆಲವರಿಗೆ ಅನಿಸಿತು. 1979ರಲ್ಲಿ ಒಸಾಕಾದಲ್ಲಿ ಆರಂಭವಾದ ಸ್ಟುಡಿಯೋ ಡಾರ್ಟಿಸಾನ್, 1990ರ ದಶಕದ ಎವಿಸು, ಫುಲ್ ಕೌಂಟ್, ವೇರ್‌ಹೌಸ್ ಮೊದಲಾದ ಸಂಸ್ಥೆಗಳು ಹಳೆಯ ಜೀನ್ಸನ್ನು ಎಳೆಎಳೆಯಾಗಿ ಬಿಚ್ಚಿ ನೋಡಿ, ನೂಲಿನ ಉಬ್ಬುತಗ್ಗು, ಹೊಲಿಗೆಯ ದಾರ, ಗುಬ್ಬಿಯ ಲೋಹ ಸಹಿತ ಮರುನಿರ್ಮಾಣ ಮಾಡಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಮತ್ತು ದಾರದ ಉಳಿತಾಯಕ್ಕಾಗಿ ಗುಬ್ಬಿಗಳನ್ನು ಕಡಿಮೆ ಮಾಡಿ, ಹಿಂಜೇಬಿನ ಕಮಾನು ಹೊಲಿಗೆಯ ಬದಲು ಬಣ್ಣದಲ್ಲಿ ಗೆರೆ ಬರೆದಿದ್ದ ಜೀನ್ಸಿಗೂ ಅಲ್ಲಿ ಪ್ರತಿಕೃತಿ ಉಂಟು. ಬಡತನದ ಗುರುತಿಗೆ ಇಷ್ಟು ಬೆಲೆ ಬಂದದ್ದು ಅಪರೂಪ.

ಈ ಆಸಕ್ತರ ಚರ್ಚೆಗಳನ್ನು ಕೇಳಿದರೆ ನಮ್ಮ ವ್ಯಾಕರಣ ಪಂಡಿತರ ವಾದಗಳು ನೆನಪಾಗುತ್ತವೆ. ಮೊದಲ ನೆನೆಯನ್ನು ತಣ್ಣೀರಿನಲ್ಲಿ ಮಾಡಬೇಕೋ ಬಿಸಿನೀರಿನಲ್ಲೋ? ಕುಗ್ಗಲೆಂದು ಸೊಂಟಕ್ಕೆ ಎಷ್ಟು ಅಂಗುಲ ದೊಡ್ಡದು ಕೊಳ್ಳಬೇಕು? ತೊಟ್ಟುಕೊಂಡೇ ತೊಟ್ಟಿಯಲ್ಲಿ ಕುಳಿತು ಮೈಮೇಲೆಯೇ ಒಣಗಿಸುವುದು ಲೇಸೇ? ತಿಂಗಳುಗಟ್ಟಲೆ ಒಗೆಯದಿದ್ದರೆ ಮಡಿಕೆಗಳ ಗುರುತು ಚೂಪಾಗುತ್ತದೆಂದು ಒಂದು ಪಕ್ಷ. ಬೆವರು, ಧೂಳು ನೂಲನ್ನು ಕೊಳೆಸುತ್ತದೆಂದು ಇನ್ನೊಂದು ಪಕ್ಷ. (ಅನಂತಪುರದ ಬೇಸಗೆಯಲ್ಲಿ ಬಾಳಿದವರು ಎರಡನೆಯ ಪಕ್ಷಕ್ಕೇ ಸೇರಬೇಕು.) ತೊಡೆಯ ಮೇಲ್ಭಾಗದ ಗೆರೆಗಳಿಗೆ ಜಪಾನೀಯರು ‘ಮೀಸೆ’ ಎನ್ನುತ್ತಾರೆ, ಮೊಣಕಾಲ ಹಿಂದಿನ ಜಾಲಕ್ಕೆ ‘ಜೇನುಗೂಡು’. ಕಾಲಿನ ತುದಿಯ ಮಡಿಕೆಯನ್ನು ಸರಪಣಿ ಹೊಲಿಗೆಯಲ್ಲಿ ಹೊಲಿಯುತ್ತಿದ್ದ ಅಮೆರಿಕದ ಯೂನಿಯನ್ ಸ್ಪೆಷಲ್ ಯಂತ್ರ ಬಟ್ಟೆಯನ್ನು ಓರೆಯಾಗಿ ಎಳೆಯುತ್ತಿತ್ತು. ಒಗೆದ ಮೇಲೆ ಆ ಅಂಚು ಹಗ್ಗದಂತೆ ಮುರಿಗೊಳ್ಳುತ್ತಿತ್ತು. ಯಂತ್ರದ ಆ ದೋಷವೇ ಈಗ ಬಯಸಿ ಪಡೆಯುವ ಗುಣವಾಗಿ, ಆ ಹಳೆಯ ಯಂತ್ರಗಳಿಗೆ ಅಪಾರ ಬೇಡಿಕೆ ಬಂದಿದೆ. ಲಾಳಿಮಗ್ಗದ ಡೆನಿಮ್ಮಿಗೆ ಹೆಸರಾಗಿದ್ದ ಗ್ರೀನ್ಸ್‌ಬರೋದ ವೈಟ್ ಓಕ್ ಗಿರಣಿ 1905ರಿಂದ ನಡೆದು 2017ರ ಕೊನೆಗೆ ಮುಚ್ಚಿದಾಗ ಈ ಆಸಕ್ತರು ಮರುಗಿದ ಬಗೆ, ಊರ ಹಳೆಯ ಗ್ರಂಥಾಲಯ ಮುಚ್ಚಿದಾಗ ನಾವು ಮರುಗುವ ಬಗೆಯದೇ.

ಇದೆಲ್ಲ ಉಳ್ಳವರ ವಿನೋದವೆಂದು ತಳ್ಳಿಹಾಕುವುದು ಸುಲಭ. ಆದರೆ ಕಲ್ಯಾಣದುರ್ಗ, ರಾಯದುರ್ಗ, ಚಳ್ಳಕೆರೆಗಳ ಸೀಮೆಯಲ್ಲಿ ಕರಿಯ ಕಂಬಳಿ ಬಳಸಿದ ಮನೆಗಳಿಗೆ ಇದರ ಒಳಮರ್ಮ ಅಪರಿಚಿತವಲ್ಲ. ಕಂಬಳಿಯ ಉಣ್ಣೆ ಕುರಿಯ ಸಹಜ ಬಣ್ಣದ್ದು. ಹಾಸಿಗೆ ಹುಣಸೆಬೀಜದ ಗಂಜಿ ಬಳಿದು, ಕುಂಚದಿಂದ ತೀಡಿ, ಬಿಸಿಲಿಗೆ ಒಣಗಿಸಿ ನೇಯುತ್ತಾರೆ. ಹೊಸ ಕಂಬಳಿ ಮುಳ್ಳಿನಂತೆ ಚುಚ್ಚುತ್ತದೆ, ನೆಟ್ಟಗೆ ನಿಲ್ಲಿಸಿದರೆ ನಿಲ್ಲುವಷ್ಟು ಬಿರುಸು. ಮಳೆ, ಬಿಸಿಲು, ಕುರಿಹಟ್ಟಿಯ ನೆಲ, ವರ್ಷಗಳ ಮೈಯ ಒರಗು ಇವೆಲ್ಲ ಸೇರಿ ಅದನ್ನು ಪಳಗಿಸುತ್ತವೆ. ಪಳಗಿದ ಕಂಬಳಿಯನ್ನು ಕುರಿಗಾಹಿ ಸುಲಭಕ್ಕೆ ಯಾರಿಗೂ ಕೊಡಲಾರ. ಗಂಜಿಯ ಹುಣಸೆಬೀಜ ನಮ್ಮ ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯ ಬೆನ್ನ ಹಿಂದಿನ ಸರಕು; ಹಣ್ಣು ಅಡುಗೆಮನೆಗೆ ಹೋದರೆ ಬೀಜದ ಪುಡಿ ಗಿರಣಿಗಳ ನೂಲಿಗೂ ಗಂಜಿಯಾಗಿ ಹೋಗುತ್ತದೆ. ಕಂಬಳಿಗೂ ಜೀನ್ಸಿಗೂ ನಂಟು ಎಂದರೆ ನಗಬೇಡಿ; ಇಬ್ಬರ ಗಂಜಿಯೂ ಒಂದೇ ಮರದ್ದಾಗಬಹುದು.

ಜೀನ್ಸ್ ನಮ್ಮ ಸೀಮೆಯ ಕಸುಬೂ ಆದದ್ದು ಬಳ್ಳಾರಿಯ ಮೂಲಕ. ಮೊದಲ ಮಹಾಯುದ್ಧದ ಕಾಲಕ್ಕೆ ಸೈನಿಕರ ಸಮವಸ್ತ್ರ ಹೊಲಿಯಲು ಮರಾಠಿ ಮಾತಿನ ದರ್ಜಿ ಕುಟುಂಬಗಳು ಆ ದಂಡಿನ ಊರಿಗೆ ಬಂದು ನೆಲೆಸಿದವೆಂದು ಅಲ್ಲಿಯವರು ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಶಾಲೆ, ಕಾರ್ಖಾನೆಗಳ ಸಮವಸ್ತ್ರ, ಕೊನೆಗೆ ಜೀನ್ಸ್. ಕೊಜಿಮಾದ ಕಥೆಯೂ ಸಮವಸ್ತ್ರದಿಂದ ಜೀನ್ಸಿಗೆ ಹೊರಳಿದ ಕಥೆಯೇ ಎಂಬುದನ್ನು ಗಮನಿಸಬೇಕು. ಬಳ್ಳಾರಿಯ ಈ ಕಸುಬು ನೆರೆಯ ರಾಯದುರ್ಗಕ್ಕೆ ಹಬ್ಬಿ, ಅಲ್ಲಿಯ ಎಷ್ಟೋ ಮನೆಗಳ ಪಡಸಾಲೆಗಳಲ್ಲಿ ಹೊಲಿಗೆಯಂತ್ರ ತಿರುಗುವಂತಾಯಿತು. ಕತ್ತರಿಸಿದ ಬಟ್ಟೆ ಕಟ್ಟುಕಟ್ಟಾಗಿ ಮನೆಗೆ ಬರುತ್ತದೆ. ಒಬ್ಬರು ಜೇಬು, ಒಬ್ಬರು ಪಟ್ಟಿ, ಒಬ್ಬರು ಗುಂಡಿಯ ಕಾಜ. ಕೂಲಿ ತುಂಡಿನ ಲೆಕ್ಕ.

ಈ ಎರಡು ಊರುಗಳ ನಡುವೆ 1953ರ ಅಕ್ಟೋಬರ್ 1ರಿಂದ ಒಂದು ರಾಜ್ಯದ ಗಡಿ ಇದೆ. ಅಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಸೇರಿತು. 1882ರಲ್ಲೇ ಬಳ್ಳಾರಿಯಿಂದ ಬೇರ್ಪಟ್ಟಿದ್ದ ಅನಂತಪುರ ಜಿಲ್ಲೆಯೂ 2022ರಲ್ಲಿ ಒಡೆದು, ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೂ ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರಕ್ಕೂ ಹಂಚಿಹೋದವು. ಗಡಿಗಳು ಹೀಗೆ ಬರೆಸಿಕೊಂಡು ಅಳಿಸಿಕೊಂಡರೂ ಬಟ್ಟೆಯ ಕಟ್ಟು ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗುವುದು, ಹೊಲಿದ ಷರಾಯಿ ತೊಳೆಯಲು ಬಳ್ಳಾರಿಗೆ ಮರಳುವುದು ನಿಂತಿಲ್ಲ. ಕನ್ನಡವೂ ತೆಲುಗೂ ಆ ಕಟ್ಟಿನೊಂದಿಗೇ ಓಡಾಡುತ್ತವೆ.

ತೊಳೆಯುವುದೆಂದೆ. ತೊಡಕು ಇರುವುದು ಅಲ್ಲಿಯೇ. ಇಂದಿನ ಗಿರಾಕಿಗೆ ಜೀನ್ಸ್ ಅಂಗಡಿಯಲ್ಲೇ ಮೆತ್ತಗಿರಬೇಕು, ತೊಡೆಯ ಮೇಲೆ ಮಾಸಿರಬೇಕು, ಸಾಧ್ಯವಾದರೆ ಮೊಣಕಾಲಲ್ಲಿ ಹರಿದಿರಬೇಕು. ಐದು ವರ್ಷದ ಸವೆತವನ್ನು ಒಂದು ಹಗಲಿನಲ್ಲಿ ತರಿಸಬೇಕಾದರೆ ಯಾರೋ ಅದನ್ನು ಮಾಡಲೇಬೇಕು. ಜ್ವಾಲಾಮುಖಿಯ ಹಗುರ ಕಲ್ಲುಗಳೊಡನೆ ದೊಡ್ಡ ಪೀಪಾಯಿಯಲ್ಲಿ ತಿರುಗಿಸುವುದು, ಕಿಣ್ವ ಬೆರೆಸಿ ನೂಲಿನ ಹೊರಮೈ ತಿನ್ನಿಸುವುದು, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿ ಬಿಳಿಚಿಸುವುದು, ಉಪ್ಪುಕಾಗದದಿಂದ ಕೈಯಾರೆ ಉಜ್ಜುವುದು ಹೀಗೆ ವಿಧಾನಗಳು ಹಲವು. ಮರಳು ಚಿಮ್ಮಿಸಿ ಬಣ್ಣ ತೆಗೆಯುವ ಪದ್ಧತಿ ಟರ್ಕಿಯಲ್ಲಿ ತರುಣ ಕಾರ್ಮಿಕರ ಶ್ವಾಸಕೋಶಗಳನ್ನು ಸಿಲಿಕಾ ಧೂಳಿನಿಂದ ತುಂಬಿ ಹಲವರನ್ನು ಬಲಿ ತೆಗೆದುಕೊಂಡ ಮೇಲೆ, 2009ರಲ್ಲಿ ಆ ದೇಶ ಅದನ್ನು ನಿಷೇಧಿಸಿತು. ಒಂದು ಷರಾಯಿಯನ್ನು ಹೀಗೆ ಮುದಿಯಾಗಿಸಲು ಹತ್ತಾರು ಲೀಟರ್ ನೀರು ಬೇಕು. ಆ ನೀರು ನೀಲಿಯಾಗಿ ಹೊರಬರುತ್ತದೆ. ಬಳ್ಳಾರಿಯ ತೊಳೆಯುವ ಘಟಕಗಳ ತ್ಯಾಜ್ಯನೀರಿನ ತಕರಾರು ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಘಟಕ ಮುಚ್ಚಿದರೆ ಕೂಲಿ ಹೋಗುತ್ತದೆ, ತೆರೆದರೆ ನೀರು ಕೆಡುತ್ತದೆ ಎಂಬ ಇಕ್ಕಟ್ಟು ರಾಯದುರ್ಗದ ಪಡಸಾಲೆಯವರೆಗೂ ಮುಟ್ಟುತ್ತದೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು ನಮ್ಮದು. ಪೆನ್ನಾರೂ ವೇದಾವತಿಯೂ ವರ್ಷದ ಬಹುಕಾಲ ಮರಳಾಗಿಯೇ ಹರಿಯುತ್ತವೆ.

ಆದ್ದರಿಂದ ಒಗೆಯದ, ಮಾಸಿಸದ ಜೀನ್ಸಿಗಾಗಿ ಹಟ ಹಿಡಿಯುವವರ ವಾದದಲ್ಲಿ, ಅವರು ಅರಿತೋ ಅರಿಯದೆಯೋ, ನಮಗೆ ಬೇಕಾದ ತಿರುಳೊಂದಿದೆಯೆಂದು ನನ್ನ ಅಭಿಪ್ರಾಯ. ಕೋರಾ ಡೆನಿಮ್ಮಿನ ಷರಾಯಿಗೆ ತೊಳೆಯುವ ಘಟಕವೇ ಬೇಡ. ಹೊಲಿಗೆ ಮುಗಿದರೆ ಕೆಲಸ ಮುಗಿಯಿತು. ಅದರ ದರ ದುಬಾರಿಯಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. 1990ರ ದಶಕದ ನಡುವೆ ಅಹಮದಾಬಾದಿನ ಅರವಿಂದ್ ಮಿಲ್ಸ್ ‘ರಫ್ ಅಂಡ್ ಟಫ್’ ಎಂಬ ಹೆಸರಿನಲ್ಲಿ ಡೆನಿಮ್ ತುಂಡು, ಗುಂಡಿ, ಗುಬ್ಬಿ, ಜಿಪ್ ಎಲ್ಲವನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ, ಊರಿನ ದರ್ಜಿಯಿಂದಲೇ ಹೊಲಿಸಿಕೊಳ್ಳಲೆಂದು ಅಗ್ಗದ ಬೆಲೆಗೆ ಮಾರಿತು. ಸಣ್ಣ ಪಟ್ಟಣಗಳ ಎಷ್ಟೋ ಯುವಕರ ಮೊದಲ ಜೀನ್ಸ್ ಅದೇ. ಅಳತೆ ಅವರವರ ಮೈಯದು, ಹೊಲಿದವನು ಗುರುತಿನವನು. ಸೊಂಟ ಬಿಗಿಯಾದರೆ ಅದೇ ಅಂಗಡಿಗೆ ಹೋಗಿ ಬಿಚ್ಚಿಸಬಹುದಾಗಿತ್ತು.